ಅಪ್ಪಣೆ ಮತ್ತು ಸಮ್ಮತಿ: ಆಶ್ರಿತರ ನಡುವಣ ಸಂಶೋಧನೆಗೆ ನೀತಿಪರಿಶೀಲನೆ ಬಂದ ಬಗೆ

೧

ಸಂಶೋಧನೆಯೆಂದೊಡನೆ ಕನ್ನಡಿಗರ ಕಣ್ಣಮುಂದೆ ಬಂದು ನಿಲ್ಲುವುದು ಶಾಸನದ ಕಲ್ಲು, ಇಲ್ಲವೆ ತಾಳೆಯೋಲೆಯ ಕಟ್ಟು. ಕಲ್ಲನ್ನು ಓದಹೋಗುವವನು ಊರಿನ ಹಿರಿಯರ ಅಪ್ಪಣೆಯನ್ನು ಪಡೆದರೆ ಸಾಕು, ಕಲ್ಲನ್ನು ಕೇಳಬೇಕಾಗಿಲ್ಲ. ಪಾಠ ತಪ್ಪಾಗಿ ಅಚ್ಚಾದರೂ ಕಲ್ಲಿಗೆ ನೋವಿಲ್ಲ. ಮುಂದೊಬ್ಬ ವಿದ್ವಾಂಸನು ಬಂದು ತಿದ್ದಬಹುದು. ಜೀವಂತ ಮನುಷ್ಯನೇ ಅಧ್ಯಯನದ ವಸ್ತುವಾದಾಗ ಈ ಸೌಕರ್ಯವಿಲ್ಲ. ಅದರಲ್ಲಿಯೂ ಆ ಮನುಷ್ಯನು ಊಟಕ್ಕೆ, ಸ್ನಾನಕ್ಕೆ, ಹಾಸಿಗೆಯಿಂದ ಏಳುವುದಕ್ಕೆ ಪರರ ಕೈಯನ್ನು ಕಾಯುವ ವೃದ್ಧನೋ ಅಂಗವಿಕಲನೋ ಆಗಿದ್ದರೆ, ಪ್ರಶ್ನೆ ಕೇಳಲು ಬಂದ ವಿದ್ವಾಂಸನಿಗೆ 'ಒಲ್ಲೆ' ಎನ್ನುವುದು ಅವನಿಗೆ ಸುಲಭದ ಮಾತಲ್ಲ. ನೋಡಿಕೊಳ್ಳುವವರು ಕರೆತಂದ ಅತಿಥಿಯನ್ನು ಹಿಂದೆ ಕಳುಹಿಸಿದರೆ ನಾಳೆ ಅವರ ಮುಖ ಹೇಗಿರುತ್ತದೆಯೋ ಎಂಬ ಅಳುಕು ಅವನಿಗೆ ಇದ್ದೇ ಇರುತ್ತದೆ.

ಇಂಥವರ ನಡುವೆ ಸಂಶೋಧನೆ ನಡೆಸಬೇಕಾದರೆ ಮೊದಲು ಒಂದು ನೀತಿಸಮಿತಿಯ ಒಪ್ಪಿಗೆ ಪಡೆಯಬೇಕೆಂಬ ಪದ್ಧತಿ ಇಂದು ಅನೇಕ ದೇಶಗಳಲ್ಲಿದೆ. ಅದರ ಚರಿತ್ರೆಯನ್ನು ಬಿಡಿಸಿ ನೋಡಲು ಇಂಗ್ಲೆಂಡಿನ ನಿದರ್ಶನ ಅನುಕೂಲವಾದುದು. ಬಾಗಿಲು ಕಾಯುವವರ ಅಪ್ಪಣೆಯನ್ನು ಒಳಗಿರುವವರ ಸಮ್ಮತಿಯೆಂದು ಭ್ರಮಿಸುತ್ತಿದ್ದ ಕಾಲದಿಂದ, ಆ ಎರಡೂ ಬೇರೆ ಬೇರೆ ಎಂದು ಕಾನೂನೇ ಹೇಳುವ ಕಾಲದವರೆಗಿನ ಹಾದಿ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪ್ರಕೃತ ಲೇಖನದ ಉದ್ದೇಶ ಆ ಹಾದಿಯ ಮುಖ್ಯ ತಿರುವುಗಳನ್ನು ಗುರುತಿಸುವುದು.

೨

೧೯೪೮ನೆಯ ಇಸವಿಯ ಜುಲೈ ೫ರಂದು ಬ್ರಿಟನ್ನಿನಲ್ಲಿ ಎರಡು ವ್ಯವಸ್ಥೆಗಳು ಒಂದೇ ದಿನ ಜಾರಿಗೆ ಬಂದುವು. ಒಂದು, ರೋಗಿಗಳಿಗೆ ಉಚಿತ ಚಿಕಿತ್ಸೆಯನ್ನು ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ. ಇನ್ನೊಂದು, ಹಳೆಯ ಬಡವರ ಕಾನೂನನ್ನು ಕೊನೆಗಾಣಿಸಿ, ವೃದ್ಧರಿಗೂ ಅಶಕ್ತರಿಗೂ ವಾಸಸ್ಥಾನ ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದ ರಾಷ್ಟ್ರೀಯ ಸಹಾಯ ಕಾಯಿದೆ. ಹೀಗೆ ರೋಗಿಯು ಆಸ್ಪತ್ರೆಯ ಪಾಲಾದನು. ರೋಗವಿಲ್ಲದೆ ಬರಿಯ ಮುಪ್ಪಿನಿಂದ ಇಲ್ಲವೆ ಅಂಗವೈಕಲ್ಯದಿಂದ ಬಳಲುವವನು ನಗರಸಭೆ, ಜಿಲ್ಲಾಮಂಡಲಿಗಳ ಪಾಲಾದನು. ಆಡಳಿತದ ಅನುಕೂಲಕ್ಕಾಗಿ ಎಳೆದ ಈ ಗೆರೆಯೇ ಮುಂದೆ ನೀತಿಪರಿಶೀಲನೆಯ ಗೆರೆಯೂ ಆಯಿತು. ಗೆರೆಯ ಒಂದು ಪಕ್ಕದಲ್ಲಿ ಸಮಿತಿಗಳು ಬೆಳೆದುವು. ಇನ್ನೊಂದು ಪಕ್ಕದಲ್ಲಿ ಬಹುಕಾಲ ಏನೂ ಬೆಳೆಯಲಿಲ್ಲ.

ವೈದ್ಯಕೀಯದ ಕಡೆ ಎಚ್ಚರ ಹುಟ್ಟಿದ್ದು ಘೋರವಾದ ಅನುಭವದಿಂದ. ನಾಜಿ ವೈದ್ಯರ ವಿಚಾರಣೆಯ ತೀರ್ಪಿನೊಡನೆ ೧೯೪೭ರಲ್ಲಿ ಹೊರಟ ನ್ಯೂರೆಂಬರ್ಗ್ ಸಂಹಿತೆಯ ಹತ್ತು ಸೂತ್ರಗಳಲ್ಲಿ ಮೊದಲನೆಯದೇ ಸ್ವಂತ ಇಚ್ಛೆಯ ಸಮ್ಮತಿ. ಜಾಗತಿಕ ವೈದ್ಯಸಂಘವು ೧೯೬೪ರಲ್ಲಿ ಹೆಲ್ಸಿಂಕಿ ಘೋಷಣೆಯನ್ನು ಹೊರಡಿಸಿತು. ಆದರೂ ಪ್ರಜಾಪ್ರಭುತ್ವದ ದೇಶಗಳ ವೈದ್ಯರಿಗೆ ಇದು ತಮಗೆ ಹೇಳಿದ ಮಾತೆಂದು ತೋರಲಿಲ್ಲ. ಅಮೆರಿಕೆಯ ಹೆನ್ರಿ ಬೀಚರ್ ಎಂಬ ವೈದ್ಯರು ೧೯೬೬ರಲ್ಲಿ ತಮ್ಮ ವೃತ್ತಿಬಾಂಧವರೇ ನಡೆಸಿದ್ದ ೨೨ ಆಕ್ಷೇಪಾರ್ಹ ಪ್ರಯೋಗಗಳನ್ನು ಲೇಖನವೊಂದರಲ್ಲಿ ಪಟ್ಟಿಮಾಡಿದರು. ನ್ಯೂಯಾರ್ಕಿನ ವಿಲೋಬ್ರೂಕ್ ಶಾಲೆಯಲ್ಲಿ ಬುದ್ಧಿಶಕ್ತಿ ಕುಂದಿದ ಮಕ್ಕಳಿಗೆ ಕಾಮಾಲೆಯ ಸೋಂಕನ್ನು ಬೇಕೆಂದೇ ತಗುಲಿಸಿದ ಪ್ರಯೋಗ ಅವುಗಳಲ್ಲಿ ಒಂದು. ಅಲ್ಲಿ ತಂದೆತಾಯಿಗಳ ರುಜು ಇರಲಿಲ್ಲವೆಂದಲ್ಲ; ಇತ್ತು. ಆದರೆ ಶಾಲೆ ಕಿಕ್ಕಿರಿದು ಹೊಸ ಪ್ರವೇಶ ನಿಂತಿದ್ದ ಕಾಲದಲ್ಲಿ ಪ್ರಯೋಗದ ವಿಭಾಗದಲ್ಲಿ ಮಾತ್ರ ಸ್ಥಳ ದೊರೆಯುತ್ತಿತ್ತು. ಬೇರೆ ದಾರಿ ಕಾಣದ ತಾಯಿ ಹಾಕಿದ ರುಜುವನ್ನು ಸಮ್ಮತಿಯೆನ್ನಬಹುದೇ ಎಂಬ ಪ್ರಶ್ನೆ ಅಲ್ಲಿಂದ ಮುಂದೆ ಯಾರನ್ನೂ ಬಿಡಲಿಲ್ಲ.

ಇಂಗ್ಲೆಂಡಿನಲ್ಲಿ ಅದೇ ಕೆಲಸವನ್ನು ಮಾಡಿದವರು ಮಾರಿಸ್ ಪ್ಯಾಪ್‌ವರ್ತ್. ೧೯೬೨ರಲ್ಲಿ ಪತ್ರಿಕೆಯೊಂದರಲ್ಲಿ ಬರೆದ ಲೇಖನವನ್ನು ವಿಸ್ತರಿಸಿ ೧೯೬೭ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳು, ಮಾನಸಿಕ ರೋಗಿಗಳು, ವೃದ್ಧರು, ಸಾಯುವ ಸ್ಥಿತಿಯಲ್ಲಿದ್ದವರು ಮೊದಲಾದವರ ಮೇಲೆ ನಡೆದ ಪ್ರಯೋಗಗಳ ವಿವರವಿತ್ತು. ಅದೇ ವರ್ಷ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ ಸಂಸ್ಥೆಯು ಆಸ್ಪತ್ರೆಗಳಲ್ಲಿ ಪರಿಶೀಲನಾ ಸಮಿತಿಗಳಿರಬೇಕೆಂದು ಶಿಫಾರಸು ಮಾಡಿತು. ಮರುವರ್ಷ ಸರಕಾರವು ಆಸ್ಪತ್ರೆಗಳಿಗೆ ಸುತ್ತೋಲೆ ಕಳುಹಿಸಿತು. ಆದರೆ ಸುತ್ತೋಲೆ ಹೋದದ್ದು ಆಸ್ಪತ್ರೆಗಳಿಗೆ. ನಗರಸಭೆಯ ವೃದ್ಧಗೃಹಕ್ಕೆ ಅದು ಹೋಗಲಿಲ್ಲ. ಹೋಗಬೇಕೆಂದು ಯಾರಿಗೂ ತೋರಲೂ ಇಲ್ಲ. ಸೂಜಿ ಚುಚ್ಚುವವನಿಂದ ಅಪಾಯವಿದೆ, ಪ್ರಶ್ನೆ ಕೇಳುವವನಿಂದ ಏನು ಅಪಾಯ ಎಂಬುದು ಅಂದಿನ ಸಾಮಾನ್ಯ ಭಾವನೆಯಾಗಿತ್ತು.

೩

ಹಾಗಾದರೆ ವೃದ್ಧಗೃಹಗಳಲ್ಲಿ ಸಂಶೋಧನೆ ಹೇಗೆ ನಡೆಯುತ್ತಿತ್ತು? ಪೀಟರ್ ಟೌನ್‌ಸೆಂಡ್ ಎಂಬ ಸಮಾಜಶಾಸ್ತ್ರಜ್ಞರು ೧೯೫೦ರ ದಶಕದ ಕೊನೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳ ೧೭೩ ಗೃಹಗಳಿಗೆ ಭೇಟಿಯಿತ್ತು, ೧೯೬೨ರಲ್ಲಿ 'ದಿ ಲಾಸ್ಟ್ ರೆಫ್ಯೂಜ್' ಎಂಬ ಗ್ರಂಥವನ್ನು ಹೊರತಂದರು. ಬಡವರ ಕಾನೂನು ರದ್ದಾಗಿ ಹತ್ತು ವರ್ಷ ಕಳೆದಿದ್ದರೂ ಅನೇಕ ವೃದ್ಧರು ಅದೇ ಹಳೆಯ ದುಡಿಮೆಮನೆಗಳ ದೊಡ್ಡ ದೊಡ್ಡ ಕೊಠಡಿಗಳಲ್ಲಿ, ತಮ್ಮದೆನ್ನುವ ಒಂದು ಪೆಟ್ಟಿಗೆಗೂ ಸ್ಥಳವಿಲ್ಲದೆ, ದಿನ ಕಳೆಯುತ್ತಿರುವುದನ್ನು ಅವರು ಲೋಕಕ್ಕೆ ತೋರಿಸಿದರು. ಇಂಥ ಗೃಹಗಳಿಗೆ ಬದಲಾಗಿ ವೃದ್ಧರು ತಮ್ಮ ಮನೆಗಳಲ್ಲಿಯೇ ಬಾಳುವಂತೆ ನೆರವೀಯಬೇಕೆಂದು ವಾದಿಸಿದರು. ಅವರ ಸಹಾನುಭೂತಿಯ ವಿಷಯದಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ಒಳಗಿನ ಬದುಕನ್ನು ಅರಿಯುವುದಕ್ಕಾಗಿ ಹಿಂದೆ ದುಡಿಮೆಮನೆಯಾಗಿದ್ದ ಗೃಹವೊಂದರಲ್ಲಿ ಅವರು ಕೆಲಕಾಲ ಸ್ನಾನ ಮಾಡಿಸುವ ಸಹಾಯಕರಾಗಿಯೂ ದುಡಿದರು.

ಇಂದಿನ ಓದುಗನು ಇಲ್ಲಿ ತುಸು ತಡೆದು ನಿಲ್ಲುತ್ತಾನೆ. ಸ್ನಾನ ಮಾಡಿಸಿಕೊಳ್ಳುತ್ತಿರುವ ಮುದುಕನಿಗೆ ತನ್ನ ಬೆನ್ನುಜ್ಜುವ ಕೈ ಪುಸ್ತಕ ಬರೆಯುವ ಕೈಯೂ ಹೌದೆಂದು ತಿಳಿಯಬೇಕಾದುದು ನ್ಯಾಯವಲ್ಲವೇ? ಅವನು ಬೇಡವೆನ್ನಬಹುದಾಗಿತ್ತೇ? ಆ ಕಾಲದ ಯಾವ ನಿಯಮವೂ ಈ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ. ಗೃಹವನ್ನು ನಡೆಸುವವರು ಬಾಗಿಲು ತೆರೆದರೆ ಸಂಶೋಧಕನಿಗೆ ಪ್ರವೇಶ ದೊರೆತಂತೆಯೇ. ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯುವುದು ಚರಿತ್ರಕಾರನಿಗೆ ತಕ್ಕುದಲ್ಲ. ಟೌನ್‌ಸೆಂಡರ ಪುಸ್ತಕವಿಲ್ಲದಿದ್ದರೆ ಆ ವೃದ್ಧರ ದುಃಸ್ಥಿತಿ ಗೋಡೆಗಳೊಳಗೇ ಉಳಿಯುತ್ತಿತ್ತೆಂಬುದೂ ನಿಜ. ಒಳ್ಳೆಯ ಸಂಶೋಧನೆಯೂ ಒಳ್ಳೆಯ ಮನಸ್ಸೂ ಸಮ್ಮತಿಗೆ ಬದಲಾಗಲಾರವು ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ ಅಂಶ.

೪

ಈ ಅಂಶವನ್ನು ಮೊದಲು ಸ್ಪಷ್ಟವಾಗಿ ಎತ್ತಿ ಹೇಳಿದವರು ವಿದ್ವಾಂಸರಲ್ಲ, ಆಶ್ರಿತರೇ.

ಹ್ಯಾಂಪ್‌ಷೈರಿನ ಲೆ ಕೋರ್ಟ್ ಎಂಬ ಮನೆಯಲ್ಲಿ ಲೆನಾರ್ಡ್ ಚೆಷೈರ್ ಎಂಬ ನಿವೃತ್ತ ವಾಯುಪಡೆಯ ಅಧಿಕಾರಿ ೧೯೪೮ರಲ್ಲಿ ಒಬ್ಬ ಮರಣೋನ್ಮುಖ ರೋಗಿಗೆ ಆಶ್ರಯವಿತ್ತರು. ಅಲ್ಲಿಂದ ಬೆಳೆದವೇ ಇಂದು ಮುಂಬಯಿ, ಬೆಂಗಳೂರುಗಳಲ್ಲಿಯೂ ನಾವು ಕಾಣುವ ಚೆಷೈರ್ ಹೋಮ್‌ಗಳು. ೧೯೫೬ರಲ್ಲಿ ಲೆ ಕೋರ್ಟಿಗೆ ಬಂದ ಪಾಲ್ ಹಂಟ್ ಎಂಬ ತರುಣ ಸ್ನಾಯುಕ್ಷಯದಿಂದ ಬಳಲುತ್ತಿದ್ದವನು. ಅವನೂ ಅವನ ಸಂಗಡಿಗರೂ ತಾವು ಯಾವ ಹೊತ್ತಿಗೆ ಮಲಗಬೇಕೆಂಬುದನ್ನು ತಾವೇ ನಿಶ್ಚಯಿಸುವ ಹಕ್ಕಿಗಾಗಿ ಆಡಳಿತದೊಡನೆ ಹೋರಾಡಬೇಕಾಯಿತು. ಹೋರಾಟದಲ್ಲಿ ವಿದ್ವಾಂಸರ ನೆರವು ದೊರೆತೀತೆಂಬ ಆಸೆಯಿಂದ ೧೯೬೨ರಲ್ಲಿ ನಿವಾಸಿಗಳೇ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯನ್ನು ಸಂಪರ್ಕಿಸಿದರು. ಕೆಲವು ವರ್ಷಗಳ ಮೇಲೆ ಸರಕಾರದ ಹಣ ದೊರೆತು ಎರಿಕ್ ಮಿಲ್ಲರ್ ಮತ್ತು ಜೆರಲ್ಡೀನ್ ಗ್ವಿನ್ ಅವರು ಅಧ್ಯಯನ ನಡೆಸಿದರು. ೧೯೭೨ರಲ್ಲಿ 'ಎ ಲೈಫ್ ಅಪಾರ್ಟ್' ಎಂಬ ಗ್ರಂಥ ಹೊರಬಂತು.

ಆ ಗ್ರಂಥವನ್ನು ಓದಿದ ಹಂಟ್ ಮತ್ತು ಅವನ ಮಿತ್ರರಿಗೆ ವಂಚನೆಗೊಳಗಾದಂತಾಯಿತು. ಇಂಥ ಗೃಹವನ್ನು ಸೇರಿದವನು ಸಮಾಜದ ಪಾಲಿಗೆ ಸತ್ತಂತೆಯೇ. ಆ ಸಾಮಾಜಿಕ ಮರಣಕ್ಕೂ ದೈಹಿಕ ಮರಣಕ್ಕೂ ನಡುವಣ ಕಾಲವನ್ನು ಸಾಗಿಸಲು ನೆರವಾಗುವುದೇ ಗೃಹದ ಕೆಲಸ ಎಂಬ ಅಭಿಪ್ರಾಯ ಅದರಲ್ಲಿ ವ್ಯಕ್ತವಾಗಿತ್ತು. ತಾವು ಇಲ್ಲೇಕೆ ಇರಬೇಕು ಎಂಬುದು ನಿವಾಸಿಗಳ ಪ್ರಶ್ನೆ. ಇಲ್ಲಿರುವವರನ್ನು ಇನ್ನೂ ಚೆನ್ನಾಗಿ ನಿರ್ವಹಿಸುವುದು ಹೇಗೆ ಎಂಬುದು ಸಂಶೋಧಕರ ಪ್ರಶ್ನೆ. ಹಂಟನು ಬರೆದ ದೀರ್ಘ ವಿಮರ್ಶೆ ೧೯೭೯ರಲ್ಲಿ ಅವನು ತೀರಿಕೊಂಡ ಮೇಲೆ, ೧೯೮೧ರಲ್ಲಿ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲಿಯೇ ಅವನು ಆ ಸಂಶೋಧಕರನ್ನು ಪರೋಪಜೀವಿಗಳೆಂದು ಕರೆದಿದ್ದಾನೆ. ಮಾತು ಕಟುವಾದುದು. ತಮ್ಮ ಕೆಲಸ ತಮ್ಮ ಮೇಲೆಯೇ ಹೇರಿದ ಮಾನಸಿಕ ಭಾರವನ್ನು ಮಿಲ್ಲರ್ ಮತ್ತು ಗ್ವಿನ್ ತಮ್ಮ ಗ್ರಂಥದಲ್ಲಿ ಮರೆಮಾಚಲಿಲ್ಲವೆಂಬುದನ್ನೂ ನಾವು ಹೇಳಬೇಕು. ಆದರೆ ಹಂಟನ ಆಕ್ಷೇಪ ವ್ಯಕ್ತಿಗಳ ನಡತೆಯನ್ನು ಕುರಿತುದಲ್ಲ. ಉಭಯಪಕ್ಷಗಳಿಗೂ ಸಮದೂರದಲ್ಲಿ ನಿಂತಿರುವೆವೆಂದು ಹೇಳಿಕೊಳ್ಳುವ ವಿದ್ವಾಂಸರು, ಬಲವಿದ್ದವನಿಗೂ ಬಲವಿಲ್ಲದವನಿಗೂ ನಡುವೆ ನಿಂತಾಗ, ತಿಳಿಯದೆಯೇ ಬಲವಿದ್ದವನ ಕಡೆಗೆ ವಾಲುತ್ತಾರೆಂಬುದೇ ಅದರ ಸಾರ.

ಈ ಪ್ರಕರಣದ ವಿಶೇಷ ಇನ್ನೊಂದಿದೆ. ಇಲ್ಲಿ ಸಮ್ಮತಿಯ ಕೊರತೆಯಿರಲಿಲ್ಲ, ನಿವಾಸಿಗಳೇ ಆಹ್ವಾನಿಸಿದ್ದರು. ಆದುದರಿಂದ ಮೊದಲಲ್ಲಿ ಒಮ್ಮೆ 'ಹೂಂ' ಎಂದರೆ ಮುಗಿಯಿತೆಂದು ತಿಳಿಯಲಾಗದು. ಯಾವ ಪ್ರಶ್ನೆಯನ್ನು ಕೇಳಲಾಗುತ್ತದೆ, ಉತ್ತರವನ್ನು ಯಾರು ಬಳಸುತ್ತಾರೆ ಎಂಬುದೂ ಸಮ್ಮತಿಯ ಅಂಗವೇ. ೧೯೭೨ರ ಸೆಪ್ಟೆಂಬರಿನಲ್ಲಿ ಹಂಟನು 'ಗಾರ್ಡಿಯನ್' ಪತ್ರಿಕೆಗೆ ಬರೆದ ಕಾಗದದ ಫಲವಾಗಿ ಅಂಗವಿಕಲರೇ ನಡೆಸುವ ಒಂದು ಒಕ್ಕೂಟ ಹುಟ್ಟಿತು. ಅಂಗದ ಊನಕ್ಕಿಂತ ಸಮಾಜದ ಅಡ್ಡಗೋಡೆಗಳೇ ಮನುಷ್ಯನನ್ನು ಅಂಗವಿಕಲನನ್ನಾಗಿ ಮಾಡುತ್ತವೆಂಬ ವಿಚಾರ ಅಲ್ಲಿಂದ ಬೆಳೆದು ಮೈಕ್ ಆಲಿವರ್ ಮೊದಲಾದವರ ಕೈಯಲ್ಲಿ ಶಾಸ್ತ್ರದ ರೂಪ ತಾಳಿತು.

೫

ಇತ್ತ ಆಡಳಿತದಲ್ಲಿಯೂ ನಿಧಾನವಾಗಿ ಬದಲಾವಣೆಗಳಾಗುತ್ತಿದ್ದುವು. ೧೯೬೮ರ ಸೀಬೋಮ್ ವರದಿಯನ್ನೂ ೧೯೭೦ರ ಕಾಯಿದೆಯನ್ನೂ ಅನುಸರಿಸಿ ಸ್ಥಳೀಯ ಸಂಸ್ಥೆಗಳಲ್ಲಿ ಸಮಾಜಸೇವಾ ಇಲಾಖೆಗಳು ಏರ್ಪಟ್ಟುವು. ಅಂದಿನಿಂದ ಸಂಶೋಧಕನು ಅಪ್ಪಣೆ ಕೇಳಬೇಕಾದುದು ಆ ಇಲಾಖೆಯ ನಿರ್ದೇಶಕನನ್ನು. ನಿರ್ದೇಶಕನು ನೋಡುತ್ತಿದ್ದುದು ಸ್ವಾಭಾವಿಕವಾಗಿಯೇ ಸಿಬ್ಬಂದಿಯ ಸಮಯವನ್ನು, ಇಲಾಖೆಯ ಕೀರ್ತಿಯನ್ನು. ೨೦೦೧ರಲ್ಲಿ ಸರಕಾರವು ಆರೋಗ್ಯ ಮತ್ತು ಸಾಮಾಜಿಕ ಆರೈಕೆಗಳೆರಡಕ್ಕೂ ಅನ್ವಯಿಸುವ ಸಂಶೋಧನಾಡಳಿತದ ಚೌಕಟ್ಟನ್ನು ಪ್ರಕಟಿಸಿದಾಗ, ೧೯೪೮ರ ಗೆರೆ ಕಾಗದದ ಮೇಲಾದರೂ ಅಳಿಸಿತು. ಆದರೆ ಆರೋಗ್ಯಸೇವೆಗೆ ಸಮಿತಿಗಳ ಜಾಲವಿತ್ತು. ಸಾಮಾಜಿಕ ಆರೈಕೆಗೆ ಅಂಥದು ಇರಲಿಲ್ಲ.

ಕೊರತೆಯನ್ನು ತುಂಬುವಂತೆ ಒತ್ತಾಯಿಸಿದ್ದು ೨೦೦೫ರ ಮೆಂಟಲ್ ಕೆಪ್ಯಾಸಿಟಿ ಆಕ್ಟ್. ಮರೆವಿನ ರೋಗದಿಂದಲೋ ಬೇರೆ ಕಾರಣದಿಂದಲೋ ತಾನೇ ನಿರ್ಧರಿಸುವ ಶಕ್ತಿಯಿಲ್ಲದವರ ಹಕ್ಕುಗಳನ್ನು ಕುರಿತ ಈ ಶಾಸನದ ೩೦ರಿಂದ ೩೪ರವರೆಗಿನ ಕಲಮುಗಳು ಸಂಶೋಧನೆಗೆ ಸಂಬಂಧಿಸಿದುವು. ಅವುಗಳ ಹೊಂದಿಕೆ ಗಮನಾರ್ಹವಾಗಿದೆ. ಮೊದಲನೆಯದಾಗಿ, ಶಕ್ತಿಯಿಲ್ಲವೆಂದು ತೋರುವವರೆಗೆ ಪ್ರತಿಯೊಬ್ಬನಿಗೂ ಶಕ್ತಿಯಿದೆಯೆಂದೇ ಭಾವಿಸತಕ್ಕದ್ದು. ಎರಡನೆಯದಾಗಿ, ಶಕ್ತಿಯುಳ್ಳವರೊಡನೆ ನಡೆಸಿ ಅಷ್ಟೇ ಫಲ ಪಡೆಯಬಹುದಾದ ಸಂಶೋಧನೆಗೆ ಶಕ್ತಿಯಿಲ್ಲದವರನ್ನು ಬಳಸಕೂಡದು. ಮೂರನೆಯದಾಗಿ, ಅವನ ಹಿತವನ್ನು ಬಲ್ಲ ಬಂಧುವನ್ನೋ ಮಿತ್ರನನ್ನೋ ವಿಚಾರಿಸತಕ್ಕದ್ದು. ಆ ಬಂಧುವು ಅವನ ಪರವಾಗಿ ಸಮ್ಮತಿ ಕೊಡುವುದಿಲ್ಲ, ಅವನ ಇಚ್ಛೆ ಏನಾಗಿದ್ದಿರಬಹುದೆಂದು ತಿಳಿಸುತ್ತಾನೆ, ಅಷ್ಟೇ. ಕೊನೆಯದಾಗಿ, ಶಕ್ತಿಯಿಲ್ಲದವನೇ ಮಾತಿನಿಂದಲೋ ಸನ್ನೆಯಿಂದಲೋ ತನ್ನ ಅನಿಚ್ಛೆಯನ್ನು ಸೂಚಿಸಿದರೆ ಅದಕ್ಕೆ ವಿರೋಧವಾಗಿ ಏನನ್ನೂ ಮಾಡಕೂಡದು. ಅವನನ್ನು ರಕ್ಷಿಸುವುದಕ್ಕಾಗಿ ಮಾಡುವ ಕಾರ್ಯವೊಂದೇ ಇದಕ್ಕೆ ಅಪವಾದ. ಮುಖ ತಿರುಗಿಸುವುದೂ ಒಂದು ಉತ್ತರವೇ ಎಂದು ಕಾನೂನು ಮನ್ನಿಸಿದಂತಾಯಿತು.

ಇಂಥ ಸಂಶೋಧನೆಗೆ ಮಾನ್ಯತೆ ಪಡೆದ ಸಮಿತಿಯ ಒಪ್ಪಿಗೆ ಕಡ್ಡಾಯವಾದುದರಿಂದ, ೨೦೦೯ರಲ್ಲಿ ಸಾಮಾಜಿಕ ಆರೈಕೆಗೆಂದೇ ಒಂದು ರಾಷ್ಟ್ರೀಯ ನೀತಿಸಮಿತಿ ಇಂಗ್ಲೆಂಡಿನಲ್ಲಿ ಅಸ್ತಿತ್ವಕ್ಕೆ ಬಂತು. ೨೦೧೪ರ ಕೇರ್ ಆಕ್ಟ್ ಹೆಲ್ತ್ ರಿಸರ್ಚ್ ಅಥಾರಿಟಿ ಎಂಬ ಸಂಸ್ಥೆಗೆ ಶಾಸನದ ಅಡಿಪಾಯವನ್ನು ಹಾಕಿ, ಸಾಮಾಜಿಕ ಆರೈಕೆಯ ಸಂಶೋಧನೆಯನ್ನೂ ಅದರ ಕಕ್ಷೆಗೆ ತಂದಿತು. ರೋಗಿಗೂ ಆಶ್ರಿತನಿಗೂ ನಡುವೆ ೧೯೪೮ರಲ್ಲಿ ಎಳೆದ ಗೆರೆಯನ್ನು ದಾಟುವುದಕ್ಕೆ ಹೀಗೆ ಅರವತ್ತಕ್ಕೂ ಹೆಚ್ಚು ವರ್ಷಗಳು ಹಿಡಿದುವು.

ಸಮಿತಿಯ ಮುಂದೆ ಬರುವ ಸಂಶೋಧಕನನ್ನು ಕೇಳುವ ಪ್ರಶ್ನೆಗಳು ಸರಳವಾದುವು. ಉತ್ತರ ಹೇಳುವುದು ಮಾತ್ರ ಸರಳವಲ್ಲ. ನಿವಾಸಿಯನ್ನು ಮೊದಲು ಮಾತನಾಡಿಸುವವರು ಯಾರು, ಅವನಿಗೆ ದಿನವೂ ಊಟ ಬಡಿಸುವ ಸಿಬ್ಬಂದಿಯೇ? ಹಾಗಾದರೆ ಅವನು ಬೇಡವೆನ್ನುವುದು ಹೇಗೆ? ವಿವರಪತ್ರ ಅವನಿಗೆ ತಿಳಿಯುವ ಮಾತಿನಲ್ಲಿ, ಅವನು ಓದಬಲ್ಲ ದಪ್ಪಕ್ಷರದಲ್ಲಿದೆಯೇ? ಇಂದು ಒಪ್ಪಿದವನು ನಾಳೆ ಮನಸ್ಸು ಬದಲಿಸಿದರೆ ಏನು ವ್ಯವಸ್ಥೆ? ಮಾತಿನ ನಡುವೆ ತನಗೆ ಯಾರೋ ಹೊಡೆಯುತ್ತಾರೆಂದು ಅವನು ಹೇಳಿದರೆ, ಗುಟ್ಟು ಕಾಯುವೆನೆಂದು ಮಾತುಕೊಟ್ಟ ಸಂಶೋಧಕನು ಏನು ಮಾಡುತ್ತಾನೆ? ಈ ಕಡೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಯೋಚಿಸಿ, ನಿವಾಸಿಗೆ ಮೊದಲೇ ತಿಳಿಸಿರಬೇಕು. ಅಪಾಯದ ಸಂದರ್ಭದಲ್ಲಿ ಗುಟ್ಟಿಗೆ ಮಿತಿಯುಂಟೆಂಬುದನ್ನು ಮರೆಮಾಚಿ ಪಡೆದ ಮಾತು ನ್ಯಾಯದಿಂದ ಪಡೆದುದಲ್ಲ.

ಈ ಪದ್ಧತಿಗೆ ದೋಷಗಳಿಲ್ಲವೆಂದಲ್ಲ. ಅರ್ಜಿಗಳ ಉದ್ದ, ಕಾಯುವ ಕಾಲ ಮೊದಲಾದುವನ್ನು ಕುರಿತು ಸಂಶೋಧಕರ ದೂರು ಹಳೆಯದು. ಅದಕ್ಕಿಂತ ಗುರುತರವಾದ ಆಕ್ಷೇಪವೆಂದರೆ, ರಕ್ಷಣೆಯ ಹೆಸರಿನಲ್ಲಿ ಬಾಯಿ ಮುಚ್ಚಿಸುವ ಅಪಾಯ. ಮರೆವಿನ ರೋಗವಿರುವ ವೃದ್ಧೆಯನ್ನು ತೊಂದರೆಪಡಿಸಬೇಡಿರೆಂದು ಗೃಹದ ಮೇಲ್ವಿಚಾರಕಿ ಹೇಳುತ್ತಾಳೆ, ಮಗನೂ ತಲೆಯಾಡಿಸುತ್ತಾನೆ, ಸುಲಭದ ದಾರಿ ಹಿಡಿದ ಸಂಶೋಧಕನು ಚೆನ್ನಾಗಿ ಮಾತಾಡಬಲ್ಲವರನ್ನಷ್ಟೇ ಕಂಡು ಹಿಂದಿರುಗುತ್ತಾನೆ. ಆಗ ಯಾರ ಬದುಕು ಎಲ್ಲರಿಗಿಂತ ಕಷ್ಟದ್ದೋ ಅವರ ಅನುಭವವೇ ಗ್ರಂಥದಿಂದ ಬಿಟ್ಟುಹೋಗುತ್ತದೆ. ಒಲ್ಲೆನೆನ್ನುವ ಹಕ್ಕೂ ಮಾತನಾಡುವ ಹಕ್ಕೂ ಒಂದೇ ಹಕ್ಕಿನ ಎರಡು ಮುಖಗಳು. ಒಂದನ್ನು ಕಾಯುವ ಭರದಲ್ಲಿ ಇನ್ನೊಂದನ್ನು ಕಸಿದುಕೊಳ್ಳಬಾರದು.

೬

ಇದು ದೂರದ ದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೧೯೮೦ರಲ್ಲಿಯೇ ಈ ವಿಷಯದಲ್ಲಿ ನೀತಿಪತ್ರವೊಂದನ್ನು ಹೊರಡಿಸಿತ್ತು. ೨೦೦೦ದಲ್ಲಿ ಮಂಡಲಿ ಪ್ರಕಟಿಸಿದ ವಿಸ್ತಾರವಾದ ಮಾರ್ಗದರ್ಶಿಯನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರೆಂಬುದು ನಮಗೆ ಸಂತೋಷದ ಸಂಗತಿ. ಅದೇ ವರ್ಷ ಮುಂಬಯಿಯ 'ಸೆಹತ್' ಸಂಸ್ಥೆಯ ಪ್ರಯತ್ನದಿಂದ, ಆರೋಗ್ಯ ಕುರಿತ ಸಮಾಜವಿಜ್ಞಾನದ ಸಂಶೋಧನೆಗೂ ಪ್ರತ್ಯೇಕ ನೀತಿಸೂತ್ರಗಳು ರಚಿತವಾದುವು. ಸೂಜಿಯಂತೆ ಪ್ರಶ್ನೆಯೂ ಚುಚ್ಚಬಲ್ಲುದೆಂಬ ಅರಿವು ಇಲ್ಲಿಯೂ ಮೂಡಿತು.

ಎಲ್ಲಕ್ಕಿಂತ ಮಿಗಿಲಾದುದು ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ೬ನೆಯ ಕಲಮು. ಅಂಗವಿಕಲ ವ್ಯಕ್ತಿಯ ಮೇಲೆ ಸಂಶೋಧನೆ ನಡೆಸಬೇಕಾದರೆ, ಅವನಿಗೆ ತಿಳಿಯುವ ರೀತಿಯಲ್ಲಿ ವಿಷಯವನ್ನು ತಿಳಿಸಿ ಪಡೆದ ಸ್ವಂತ ಸಮ್ಮತಿಯೂ ಬೇಕು, ಸರಕಾರ ನೇಮಿಸಿದ ಸಮಿತಿಯ ಪೂರ್ವಾನುಮತಿಯೂ ಬೇಕು. ಆ ಸಮಿತಿಯ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸ್ವತಃ ಅಂಗವಿಕಲರೋ ಅವರ ನೋಂದಾಯಿತ ಸಂಘಟನೆಗಳ ಸದಸ್ಯರೋ ಆಗಿರತಕ್ಕದ್ದು. ಲೆ ಕೋರ್ಟಿನ ನಿವಾಸಿಗಳು ಬಯಸಿದ್ದು ಇದನ್ನೇ ಅಲ್ಲವೇ? ಪ್ರಶ್ನೆಯನ್ನು ಅಳೆಯುವ ಸ್ಥಾನದಲ್ಲಿ ತಾವೂ ಕುಳಿತಿರಬೇಕು ಎಂದು. ಆದರೆ ಈ ಕಲಮು ಅಂಗವಿಕಲರಿಗೆ ಸಂಬಂಧಿಸಿದುದು. ವಯಸ್ಸೊಂದೇ ಕಾರಣವಾಗಿ ಆಶ್ರಮ ಸೇರಿದವರ ಮಾತು ಅದರಲ್ಲಿಲ್ಲ. ಅಲ್ಲಿ ನಮ್ಮ ವಿವೇಕವೇ ಕಾನೂನಿನ ಸ್ಥಾನದಲ್ಲಿ ನಿಲ್ಲಬೇಕು.

ಹೊರನಾಡಿನ ಕನ್ನಡ ಸಂಘಗಳಿಗೆ ಈ ಮಾತು ನೇರವಾಗಿ ತಟ್ಟುತ್ತದೆ. ನಮ್ಮ ಹಿರಿಯರು ಊರುಬಿಟ್ಟು ಬಂದ ಕಥೆ, ಅವರು ದುಡಿದ ಖಾನಾವಳಿ, ಗಿರಣಿ, ಕಚೇರಿಗಳ ಕಥೆ ಇವನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕೆಂಬ ಹಂಬಲ ನಮ್ಮಲ್ಲಿ ಅನೇಕರಿಗಿದೆ, ಬರೆದಿಡಬೇಕಾದುದೂ ನಿಜ. ಅವರಲ್ಲಿ ಹಲವರು ಈಗ ಮಕ್ಕಳ ಆಶ್ರಯದಲ್ಲಿಯೋ ವೃದ್ಧಾಶ್ರಮಗಳಲ್ಲಿಯೋ ಇದ್ದಾರೆ. ಸೊಸೆ ಕಾಫಿ ಕೊಟ್ಟು ಒಳಗೆ ಕರೆದಳೆಂದ ಮಾತ್ರಕ್ಕೆ, ಇಲ್ಲವೆ ಆಶ್ರಮದ ವ್ಯವಸ್ಥಾಪಕರು ಹಸ್ತಾಕ್ಷರ ಹಾಕಿದರೆಂದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯಲಿಲ್ಲ. ಅಜ್ಜಿಯ ಪಕ್ಕದಲ್ಲಿ ಕುಳಿತು, ಇದು ಏತಕ್ಕೆ, ಎಲ್ಲಿ ಅಚ್ಚಾಗುತ್ತದೆ, ಯಾರು ಓದುತ್ತಾರೆ ಎಂಬುದನ್ನು ಅವರ ಮಾತಿನಲ್ಲಿ ಹೇಳಿ, ಬೇಡವಾದರೆ ಬೇಡವೆನ್ನಿ ಎಂದು ಕೇಳಿ, ಬರೆದುದನ್ನು ಓದಿ ತೋರಿಸಿ, ಅವರು ತೆಗೆದುಹಾಕೆಂದುದನ್ನು ತೆಗೆದುಹಾಕುವುದು ನಮ್ಮ ಕರ್ತವ್ಯ. ಹಾಗೆ ಮಾಡಿದಾಗ ನಮ್ಮ ಸಂಗ್ರಹದಲ್ಲಿ ಕೆಲವು ಪುಟಗಳು ಕಡಿಮೆಯಾದಾವು. ಉಳಿದ ಪುಟಗಳು ಮಾತ್ರ ಅವರು ಮನಃಪೂರ್ವಕವಾಗಿ ಕೊಟ್ಟುವಾಗಿರುತ್ತವೆ.